ಮಾರಿಕುಪ್ಪಂ ರೈಲು ಮತ್ತು ಒಂದು ಎಕ್ಸೆಲ್ ಶೀಟು

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಕೆಲಸ ನನ್ನ ಪಾಲಿಗೆ ಬಂತು. ಕ್ಲೈಂಟ್ ಒಂದು ಗಣಿ ಕಂಪನಿ. ಗಣಿ ಇರೋ ದೇಶದಲ್ಲಿ ಸರ್ಕಾರ ಯಾವಾಗ ಬೀಳುತ್ತೋ, ಲೈಸೆನ್ಸ್ ಯಾವಾಗ ರದ್ದಾಗುತ್ತೋ ಹೇಳೋಕಾಗಲ್ಲ. ಉಳಿಯಬೇಕಾ, ಬಿಟ್ಟು ಬರಬೇಕಾ? ಹಾಕಿದ ದುಡ್ಡು, ಬರಬೇಕಾದ ದುಡ್ಡು, ವಿಮೆ, ಕೇಸು ನಡೆಸೋ ಖರ್ಚು ಎಲ್ಲ ಎಕ್ಸೆಲ್ಲಿಗೆ ತುಂಬಿದೆ. ಎರಡೇ ದಿನದಲ್ಲಿ ಉತ್ತರ ಬಂತು: ಬಿಟ್ಟು ಬನ್ನಿ. ಮ್ಯಾನೇಜರ್ ಬೆನ್ನು ತಟ್ಟಿದರು.

ಆ ಸಂಜೆ ಕೆ.ಆರ್. ಪುರ ಸ್ಟೇಷನ್ನಲ್ಲಿ, ತೂಗು ಸೇತುವೆ ಪಕ್ಕ, ಮಾರಿಕುಪ್ಪಂ ರೈಲಿಗೆ ಕಾಯೋ ಗುಂಪಿನ ನಡುವೆ ಸಿಕ್ಕಿಕೊಂಡೆ. ಈ ರೈಲು ಗೊತ್ತಲ್ಲ? ಕತ್ತಲು ಹರಿಯೋ ಮೊದಲೇ ಕೆಜಿಎಫ್ ಬಿಟ್ಟು ಬೆಂಗಳೂರಿಗೆ ದುಡಿಯೋಕೆ ಬರೋ ಸಾವಿರಾರು ಜನ ರಾತ್ರಿ ಇಂಥದ್ದರಲ್ಲೇ ವಾಪಸ್ ಹೋಗ್ತಾರೆ. ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಬ್ಯಾಗ್ ಚೆಕ್ ಮಾಡೋರೂ ಅಲ್ಲಿದ್ರು. ಅವರ ಅಪ್ಪ ಗಣಿಯಲ್ಲಿದ್ದವರಂತೆ.

ಕೆಜಿಎಫ್ ಕೂಡ ಒಂದು ಕಾಲಕ್ಕೆ ಯಾರದೋ 'ವಿದೇಶಿ ಪ್ರಾಜೆಕ್ಟು'. ಆ ಕಥೆಯಲ್ಲಿ ವಿದೇಶ ಅಂದ್ರೆ ನಾವು! 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಅಲ್ಲಿಗೆ. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯ್ತು. ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಕೆಳಗೆ ಬಂಡೆ ಸಿಡಿದು ಸತ್ತವರು, ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಹೆಚ್ಚಾಗಿ ತಮಿಳು, ತೆಲುಗು ನಾಡುಗಳಿಂದ ಬಂದ ಕೂಲಿಗಳು. ಸ್ವಾತಂತ್ರ್ಯ ಬಂದ ಮೇಲೆ ರಾಜಕೀಯ ಅಪಾಯ ನಿಜವಾಯ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಕಂಪನಿಗಳಿಗೆ ಪರಿಹಾರ ಸಿಕ್ಕಿತು. ನನ್ನ ಶೀಟಿನ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತಾ.

ಆದರೆ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸೈನೈಡ್ ದಿಬ್ಬಗಳಾಗಿ ಇವತ್ತಿಗೂ ಊರ ನಡುವೆ ನಿಂತಿದೆ. ಗಾಳಿ ಬೀಸಿದ್ರೆ ಮನೆಯೊಳಗೆ ಬರುತ್ತೆ. ಬ್ರಿಟಿಷರನ್ನು ಬೈದು ಸುಮ್ಮನಾಗೋಣ ಅಂದ್ರೆ ಅದೂ ಆಗಲ್ಲ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಹಾಕಿದ್ದು ನಮ್ಮದೇ ಕೇಂದ್ರ ಸರ್ಕಾರದ ಕಂಪನಿ. ಅದೂ ದಿಬ್ಬ ಬಿಟ್ಟೇ ಹೋಯ್ತು.

ಅಪಾಯ ಅನ್ನೋ ಕಾಲಂನಲ್ಲಿ ನಾನು ಬರೆದಿದ್ದೆಲ್ಲ ಕಂಪನಿಯ ಅಪಾಯ. ಅದಕ್ಕೆ ವಿಮೆ ಇದೆ, ಹೋಗೋಕೆ ವಿಮಾನ ಇದೆ. ದಿಬ್ಬದ ಪಕ್ಕದ ಮನೆಯವರಿಗೆ ಇರೋದು ಬೆಳಗಿನ ರೈಲು.

ಹಾಗಾದ್ರೆ ಉಳೀಬೇಕಾ? "ನಾವು ಬಿಟ್ರೆ ಇನ್ನೊಬ್ಬ ಬರ್ತಾನೆ, ನಮಗಿಂತ ಕೆಟ್ಟವನು" ಅಂತ ಸಹೋದ್ಯೋಗಿಯೊಬ್ಬ ವಾದಿಸಿದ. ಸುಳ್ಳಲ್ಲ. ಗಣಿಯಲ್ಲ, ಎಣ್ಣೆಯ ಉದಾಹರಣೆ: ಸುಡಾನಿನ ಅಂತರ್ಯುದ್ಧದ ನಡುವೆ ಎಣ್ಣೆ ತೆಗೆಯುತ್ತಿದ್ದ ಕೆನಡಾದ ಟ್ಯಾಲಿಸ್ಮನ್, ಮಾನವ ಹಕ್ಕುಗಳ ಒತ್ತಡಕ್ಕೆ ಮಣಿದು 2003ರಲ್ಲಿ ತನ್ನ 25 ಶೇಕಡಾ ಪಾಲು ಮಾರಿ ಹೊರಟಿತು. ಕೊಂಡವರು ಯಾರು? ನಮ್ಮ ಓಎನ್‌ಜಿಸಿ ವಿದೇಶ್. ಎಣ್ಣೆ ಹರಿಯೋದು ನಿಲ್ಲಲಿಲ್ಲ. ಆದ್ರೂ ಹೋಗಿದ್ದು ಸರಿ ಅಂತಲೇ ನನಗನ್ಸುತ್ತೆ. ನಾನು ಕೊಡೋ ದುಡ್ಡು ಯುದ್ಧಕ್ಕೆ ಸೇರ್ತಿದ್ರೆ 'ಇನ್ನೊಬ್ಬ ಕೊಡ್ತಾನೆ' ಅನ್ನೋದು ನನಗೆ ಸಮಜಾಯಿಷಿ ಆಗಲ್ಲ. ಹೋಗೋದರ ಬಗ್ಗೆ ನನ್ನ ತಕರಾರಿಲ್ಲ; ಬಾಡಿಗೆಮನೆ ಖಾಲಿ ಮಾಡೋನೂ ಗೋಡೆಗೆ ಸುಣ್ಣ ಹೊಡೆಸಿ ಹೋಗ್ತಾನೆ, ಅಷ್ಟೂ ಬೇಡ್ವಾ ಅನ್ನೋದು ಪ್ರಶ್ನೆ.

ಮರುದಿನ ಶೀಟಿಗೆ ಮೂರು ಸಾಲು ಸೇರಿಸಿದೆ: ಕಾರ್ಮಿಕರ ಬಾಕಿ ಮತ್ತು ಚಿಕಿತ್ಸೆ, ದಿಬ್ಬ ಸರಿಪಡಿಸೋ ವೆಚ್ಚ, ಗಣಿಯನ್ನು ಯಾರಿಗೆ ಕೊಡ್ತೀವಿ ಅನ್ನೋದು. ಉತ್ತರ ಬದಲಾಗಲಿಲ್ಲ, ಬಿಟ್ಟು ಬನ್ನಿ ಅಂತಲೇ ಬಂತು. ಹೊರಡೋ ಖರ್ಚು ಮಾತ್ರ ಜಾಸ್ತಿಯಾಯ್ತು. "ಇದನ್ನ ಕ್ಲೈಂಟ್ ಕೇಳಿದ್ರಾ?" ಅಂದ್ರು ಮ್ಯಾನೇಜರ್. ಕೇಳಿರಲಿಲ್ಲ. ಸದ್ಯಕ್ಕೆ ಆ ಮೂರು ಸಾಲು ಕೊನೆಯ ಟ್ಯಾಬಿನಲ್ಲಿ, 'ಅನುಬಂಧ' ಅನ್ನೋ ಹೆಸರಲ್ಲಿವೆ. ಮುಂದಿನ ಮಂಗಳವಾರ ಮೀಟಿಂಗು.