ಎರಡು ಬೀದಿಯ ದೂರ

1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆ ಹೊತ್ತಿಕೊಂಡಾಗ ರಾಜಾಜಿನಗರದ ನಮ್ಮ ಮನೆಯ ಮಹಡಿಯಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’ದ ತಾಲೀಮು ನಡೆದಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣರ ಹುಡುಗಿಗೂ ಸಮಗಾರರ ಹುಡುಗನಿಗೂ ಮದುವೆ ಮಾಡಿ, ಶರಣರು ನಂಬಿಕೆಗಾಗಿ ತಲೆ ತೆತ್ತ ಕಥೆ. ನನ್ನದು ಶರಣನ ಪಾತ್ರ. ಹಾಡಿಗೆ ಹಾರ್ಮೋನಿಯಂ ಹಿಡಿದವರು ಎರಡು ಬೀದಿಯಾಚೆಯ, ತಮಿಳು ಮನೆಮಾತಿನ ಹಿರಿಯರು.

ತಮಿಳರ ಮನೆ, ಅಂಗಡಿಗಳ ಮೇಲೆ ಕಲ್ಲು ಬಿದ್ದವು. ಕರ್ಫ್ಯೂ ಸಡಿಲವಾದರೂ ಅವರು ಬರಲಿಲ್ಲ. ‘ಹೋಗಿ ನೋಡೋಣ’ ಎಂದು ನಮ್ಮಲ್ಲೊಬ್ಬರೂ ಬಾಯಿ ಬಿಡಲಿಲ್ಲ. ಸಮಾನತೆಯ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ವಾರದ ಬಳಿಕ ಅವರೇ ಬಂದು, ‘ಯಾಕ್ರಯ್ಯಾ ನಿಲ್ಲಿಸಿದಿರಿ?’ ಎಂದು ಹಾರ್ಮೋನಿಯಂ ಮುಂದೆ ಕೂತರು. ಬೆರಳು ನಡುಗುತ್ತಿದ್ದವು. ನಂಬಿಕೆಯಿದ್ದವರಿಗೆ ಅಂಜಿಕೆ ಇರುವುದಿಲ್ಲವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅಂಜಿಕೆ ನಮ್ಮಿಬ್ಬರಿಗೂ ಇತ್ತು. ಆ ಎರಡು ಬೀದಿ ದಾಟಿದವರು ಮಾತ್ರ ಅವರು.