ಬಿರುಕಿನಿಂದ ಬಂದ ಆಲ

ಪಕ್ಕದ ಹಳೇ ಮನೆಯ ಪ್ಯಾರಾಪೆಟ್ ಗೋಡೆಯ ಬಿರುಕಿನಲ್ಲಿ ಎರಡು ಆಲದ ಸಸಿಗಳಿದ್ದವು. ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ. ಯಾರೂ ನೀರು ಹಾಕಿದವರಲ್ಲ, ಗೊಬ್ಬರವಂತೂ ದೂರ. ವರ್ಷಗಟ್ಟಲೆ ಹಿಡಿ ಗಾರೆ ಕಚ್ಚಿಕೊಂಡು ಗೇಣುದ್ದವೇ ಉಳಿದವು. ಕಾಂಡ ಮಾತ್ರ ಹೆಬ್ಬೆರಳಿಗಿಂತ ದಪ್ಪ. ಇದೇ ಜಾತಿ ಬೆಂಗಳೂರಿನಾಚೆ ರಾಮೋಹಳ್ಳಿಯ ಹತ್ತಿರ ಸುಮಾರು 3 ಎಕರೆ ಹಬ್ಬಿ ದೊಡ್ಡ ಆಲದ ಮರ ಎನ್ನಿಸಿಕೊಂಡಿದೆ. ಬೀಜ ಒಂದೇ, ಬೇರಿಗೆ ಸಿಕ್ಕ ಜಾಗ ಬೇರೆ. ಬೋನ್ಸಾಯ್ ಎಂಬ ಜಪಾನಿ ಪದದ ಅರ್ಥವೂ ಅಷ್ಟೇ: ತಟ್ಟೆಯಲ್ಲಿ ನೆಟ್ಟ ಗಿಡ. ಮರಕ್ಕೆ ಹಿಂಸೆ ಎಂದು ಮರುಗುವವರಿಗೆ ನಾನು ಆ ಗೋಡೆ ತೋರಿಸುತ್ತಿದ್ದೆ.

ಇದೆಲ್ಲ ತಿಳಿದದ್ದು ಒಂದು ಗಿಡವನ್ನು ಕೊಂದ ಮೇಲೆ. ನರ್ಸರಿಯಿಂದ ತಂದ ಫೈಕಸ್ ಬೋನ್ಸಾಯನ್ನು ಟೀವಿ ಪಕ್ಕದಲ್ಲಿಟ್ಟು, ಬೆಳಿಗ್ಗೆ ನನಗೊಂದು ಲೋಟ ಕಾಫಿ, ಅದಕ್ಕೊಂದು ಲೋಟ ನೀರು. ಎರಡು ತಿಂಗಳಿಗೆ ಎಲೆ ಹಳದಿ ತಿರುಗಿ ಉದುರಿತು. ಕಿತ್ತು ನೋಡಿದರೆ ಮೇಲೆ ಅಂದಕ್ಕೆಂದು ಗೋಂದು ಹಾಕಿ ಅಂಟಿಸಿದ ಬಿಳಿ ಕಲ್ಲು, ಕೆಳಗೆ ಜಿಗುಟು ಮಣ್ಣು, ಕೊಳೆತು ಕಪ್ಪಾದ ಬೇರು.

ಗೋಡೆ ರಿಪೇರಿಗೆ ಬಂದ ಮೇಸ್ತ್ರಿ ಒಂದು ಸಸಿಯನ್ನು ಬೇರಿನ ಸಮೇತ ಎಬ್ಬಿಸಿಕೊಟ್ಟರು. ಇನ್ನೊಂದು ಉಳಿಯ ಏಟಿಗೆ ಸಿಕ್ಕು ಹೋಯಿತು. ಈ ಸಲ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರ, ತಳದಲ್ಲಿ ತೂತಿರುವ ಅಗಲ ಕುಂಡ, ತಾರಸಿಯ ಬಿಸಿಲು. ಬೆರಳು ತೂರಿಸಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು, ಹಾಕಿದರೆ ತೂತಿನಿಂದ ಇಳಿಯುವಷ್ಟು. ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲವೂ ಆದೀತು, ಜುಲೈನಲ್ಲಿ ವಾರಗಟ್ಟಲೆ ಬೇಡ. ಅಷ್ಟಾದರೂ ತಪ್ಪಿದೆ: ಕೊಂಬೆ ಬಗ್ಗಿಸಲು ಸುತ್ತಿದ ಅಲ್ಯೂಮಿನಿಯಂ ತಂತಿಯನ್ನು ಮಳೆಗಾಲದಲ್ಲಿ ಮರೆತೆ. ಆಲ ಉಬ್ಬುವ ವೇಗಕ್ಕೆ ತಂತಿ ತೊಗಟೆಯೊಳಗೇ ಹೂತುಹೋಯಿತು. ಆ ಸುರುಳಿ ಗಾಯ ಇನ್ನೂ ಮಾಸಿಲ್ಲ.

ನಿಜವಾದ ಕಷ್ಟ ಕತ್ತರಿಯದು. ಚಿಗುರು ಸವರಿದಲ್ಲೆಲ್ಲ ಬೆಳ್ಳಗೆ ಹಾಲು ಒಸರುತ್ತದೆ. "ಆಲಕ್ಕೆ ಕತ್ತರಿ ಹಾಕ್ತೀಯಲ್ಲೋ, ಒಳ್ಳೇದಲ್ಲ ಕಣೋ" ಎಂದು ಅಮ್ಮ ಮೊದಲ ವರ್ಷವೆಲ್ಲ ಗೊಣಗಿದಳು. ಗಿಡ ಮನೆಯೊಳಗಿಲ್ಲ, ತಾರಸಿಯಲ್ಲಿದೆ ಎಂಬುದಷ್ಟೇ ಅವಳ ಸಮಾಧಾನ.

ಈ ಸಲದ ವಟಸಾವಿತ್ರಿಗೆ ಅವಳಿಗೆ ಮೊಣಕಾಲು ನೋವು, ದೇವಸ್ಥಾನದ ಮರದವರೆಗೆ ನಡೆಯಲಾರಳು. ನೂಲುಂಡೆ ಹಿಡಿದು ತಾರಸಿಗೆ ಬಂದು, ಕುಂಡವಿಟ್ಟ ಮೇಜಿಗೇ ಸುತ್ತು ಹಾಕಿದಳು. ನಡುನಡುವೆ ನಿಂತು ಮೇಜು ಹಿಡಿದುಕೊಳ್ಳುತ್ತಿದ್ದಳು. ಮುಗಿದ ಮೇಲೆ ಬಗ್ಗಿ ನೋಡಿ, "ಇದು ಬಿಳಲು ಬಿಡೋದು ಯಾವಾಗ?" ಎಂದಳು.

ಗಾಳಿಯಲ್ಲಿ ತೇವ ಬೇಕಮ್ಮ, ಮಳೆ ಹಿಡೀಲಿ ಎಂದೆ.