ನಾಲ್ಕೂ ಕಾಲು ನೆಲದ ಮೇಲೆ

ಮರಿನಾಯಿ ದೊಡ್ಡ ನಾಯಿಯ ಬಾಯಿ ನೆಕ್ಕಿ ಅದನ್ನು ಎದುರುಗೊಳ್ಳುತ್ತದೆ. ಮನುಷ್ಯರ ಮುಖ ಅದಕ್ಕೆ ಎಟುಕುವುದಿಲ್ಲ, ಹಾಗಾಗಿ ಹಾರುತ್ತದೆ. ಇದರಲ್ಲಿ ಸೊಕ್ಕು ಹುಡುಕುವುದು ತಪ್ಪು.

*

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಈ ಹಾರಾಟ ಬರೀ ಬಟ್ಟೆ ಕೊಳೆಯಾಗುವ ಮಾತಲ್ಲ. ಡೇರಿಗೆ ಹೊರಟ ಹೆಂಗಸಿನ ಕ್ಯಾನು ಉರುಳಿ ಹಾಲು ಮಣ್ಣುಪಾಲಾಗುತ್ತದೆ. ಕೋಲೂರಿಕೊಂಡು ಜಗಲಿ ಇಳಿಯುತ್ತಿರುವ ಅಜ್ಜಿ ಬಿದ್ದರೆ ಸೊಂಟ ಮುರಿಯಬಹುದು. ಯೂನಿಫಾರಂ ತೊಟ್ಟು ಶಾಲೆಗೆ ಹೊರಟ ಮಗುವನ್ನು ನಾಯಿ ಒಮ್ಮೆ ಕೆಡವಿದರೆ ಆ ಹೆದರಿಕೆ ಎಷ್ಟು ವರ್ಷ ಉಳಿಯುತ್ತದೋ ಯಾರೂ ಹೇಳಲಾರರು. ನಾಯಿಯ ಖುಷಿಗೆ ಬೇರೆಯವರು ದಂಡ ತೆರಬಾರದು.

*

ಬೈದರೂ ನಾಯಿಗೆ ಲಾಭ, ತಳ್ಳಿದರೂ ಲಾಭ. ‘ಏಯ್, ಇಳಿಯೋ’ ಎಂದು ಕೂಗುತ್ತಾ ಎರಡೂ ಕೈಯಲ್ಲಿ ನೂಕಿದರೆ, ನಾವೂ ಆಟಕ್ಕೆ ಬಂದೆವೆಂದೇ ಅದರ ಲೆಕ್ಕ. ಅದು ಬಯಸಿದ್ದು ನಮ್ಮ ಮುಖ, ನಮ್ಮ ದನಿ, ನಮ್ಮ ಕೈ. ಮೂರನ್ನೂ ಒಟ್ಟಿಗೇ ಕೊಟ್ಟು ‘ಬೇಡ’ ಎಂದರೆ ಅದಕ್ಕೆ ಹೇಗೆ ಅರ್ಥವಾದೀತು?

*

ಹಾರಿದಾಗ ಕೈ ಕಟ್ಟಿ ಬೆನ್ನು ತಿರುಗಿಸಿ. ಮಾತು ಬೇಡ, ನೋಟವೂ ಬೇಡ. ನಾಲ್ಕೂ ಕಾಲು ನೆಲ ಮುಟ್ಟಿದ ಕೂಡಲೇ ಬಗ್ಗಿ, ಎದೆ ಸವರಿ, ಮೆಲುದನಿಯಲ್ಲಿ ಮಾತಾಡಿಸಿ. ತಡಮಾಡಿದರೆ ಪಾಠ ಕೆಟ್ಟಿತು. ಕೆಲವೇ ಸೆಕೆಂಡುಗಳಲ್ಲಿ ಅದು ಮತ್ತೇನನ್ನೋ ಮಾಡಿರುತ್ತದೆ, ಸಿಕ್ಕ ಮೆಚ್ಚುಗೆಯನ್ನು ಅದರ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ.

*

ಮೊದಲ ದಿನಗಳಲ್ಲಿ ಹಾರಾಟ ಹೆಚ್ಚಬಹುದು. ನಿನ್ನೆಯವರೆಗೆ ಫಲ ಕೊಟ್ಟ ಉಪಾಯ ಇವತ್ತು ಯಾಕೆ ಕೊಡಲಿಲ್ಲ ಎಂದು ನಾಯಿ ಇನ್ನಷ್ಟು ಜೋರಾಗಿ ಎಗರುತ್ತದೆ. ಮನೆಯವರು ಸೋಲುವುದು ಇಲ್ಲಿಯೇ. ಸೋತು ಮಾತಾಡಿಸಿಬಿಟ್ಟರೆ, ಇಷ್ಟು ಜೋರಾಗಿ ಹಾರಿದರೆ ಮಾತ್ರ ಮಾತಾಡಿಸುತ್ತಾರೆ ಎಂಬ ಹೊಸ ಪಾಠವನ್ನು ಅದು ಕಲಿಯುತ್ತದೆ.

*

ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ ಒಂದು ಸತ್ಯ ಪ್ರತಿ ಮನೆಗೂ ಬೇಕು: ಪ್ರತಿಸಲವೂ ಫಲ ಸಿಗುತ್ತಿದ್ದ ಅಭ್ಯಾಸ, ಫಲ ನಿಂತರೆ ಬೇಗ ಬಿಟ್ಟುಹೋಗುತ್ತದೆ, ಯಾವಾಗಲೋ ಒಮ್ಮೆ ಸಿಗುವ ಅಭ್ಯಾಸ ಸುಲಭಕ್ಕೆ ಬಿಡದು. ಅಪ್ಪ ಗದರುತ್ತಾರೆ, ಅವ್ವ ಬೆನ್ನು ತಿರುಗಿಸುತ್ತಾರೆ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಗ ಮಾತ್ರ ‘ಬಾರೋ ಕರಿಯ’ ಎಂದು ಎದೆಗೆ ಹತ್ತಿಸಿಕೊಳ್ಳುತ್ತಾನೆ. ಅವನು ಬಸ್ಸು ಹತ್ತಿದ ಮೇಲೆ ಕರಿಯ ಬಂದವರಲ್ಲೆಲ್ಲ ಅವನನ್ನೇ ಹುಡುಕುತ್ತಾ ಹಾರುತ್ತಾನೆ. ಪ್ರೀತಿಸಲಿ, ಬೇಡವೆನ್ನುವವರಿಲ್ಲ. ನೆಲದ ಮೇಲೆ ಕೂತು ಪ್ರೀತಿಸಲಿ.

*

ನಾಯಿಯ ಕಸುವು ಎಂಥದೆಂದು ಅರಿಯಲು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನವನ್ನು ನಾಯಿ ಸಾಕುವ ಪ್ರತಿಯೊಬ್ಬರೂ ತಿಳಿದಿರಬೇಕು. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದವನು ಗಂಗರ ಎರಡನೆಯ ಬೂತುಗ. ಅವನ ಕಡೆಯ ವೀರ ಮಣಲೇರ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಎರಗಿತು, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ಪಾಪ ಬರುತ್ತದೆಂದು ಬರೆಸಿದ. ಹಂದಿಯೊಡನೆ ಸೆಣಸುವ ನಾಯಿಯ ಶಿಲ್ಪವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

*

ಕಾಳಿಯ ಕಸುವಿನಲ್ಲಿ ಒಂದಿಷ್ಟು ನಮ್ಮ ಅಂಗಳದ ನಾಯಿಗೂ ಬಂದಿದೆ. ಅದಕ್ಕೀಗ ಬೇಟೆಯಿಲ್ಲ, ಕಾವಲಿಗೆ ಕಬ್ಬಿಣದ ಗೇಟು ಬಂದಿದೆ. ಕೆಲಸ ಕಾಣದ ಕಸುವು ಬಾಗಿಲಿಗೆ ಬಂದವರ ಮೈಮೇಲೆ ಇಳಿಯುತ್ತದೆ. ಎಗರುವ ನಾಯಿಯನ್ನು ಕಂಡಾಗ ನಾನು ಮೊದಲು ಕೇಳುವುದು ಒಂದೇ: ಇದು ಇವತ್ತು ಎಷ್ಟು ದೂರ ನಡೆದಿದೆ?

*

ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿ, ಸಂಜೆ ಬಿಚ್ಚಿದಾಗ ಹುಚ್ಚೆದ್ದು ಕುಣಿಯುತ್ತದೆ ಎಂದು ದೂರುವುದು ನ್ಯಾಯವಲ್ಲ. ಬಿಸಿಲೇರುವ ಮುನ್ನ ಹೊಲದ ಬದುವಿನ ಮೇಲೆ ನಡೆಸಿ. ದರದರನೆ ಎಳೆಯಬೇಡಿ, ಮೂಸುತ್ತಾ ಬರಲಿ. ಮೂಗಿಗೆ ಕೆಲಸ ಸಿಕ್ಕ ನಾಯಿಯ ಮೈ ತಾನಾಗಿ ತಣ್ಣಗಾಗುತ್ತದೆ. ಸಂಜೆಯ ತಿರುಗಾಟ ಕತ್ತಲಾಗುವ ಮೊದಲೇ ಮುಗಿಯಲಿ. ಕಾವೇರಿ ವನ್ಯಧಾಮದ ಅಂಚು ಮಳವಳ್ಳಿ ತಾಲ್ಲೂಕನ್ನೂ ಮುಟ್ಟುತ್ತದೆ, ಚಿರತೆಗೆ ಊರನಾಯಿ ಸುಲಭದ ತುತ್ತು.

*

ಕೂತ ನಾಯಿ ಹಾರಲಾರದು. ‘ಹಾರಬೇಡ’ ಎಂದು ನೂರು ಸಲ ಹೇಳುವ ಬದಲು ‘ಕೂತ್ಕೊ’ ಒಂದನ್ನು ಕಲಿಸಿ. ಊಟದ ಹೊತ್ತೇ ಪಾಠದ ಹೊತ್ತು: ಕೂತಾಗ ತಟ್ಟೆ ಕೆಳಗಿಳಿಯುತ್ತದೆ, ಎದ್ದು ಎಗರಿದರೆ ತಟ್ಟೆ ಮೇಲೆ ಹೋಗುತ್ತದೆ. ಮಿಕ್ಕ ಮುದ್ದೆ ಹಾಕಬಹುದು, ಈರುಳ್ಳಿ ಬೆಂದ ಸಾರು ಬೇಡ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ಮನೆಯವರೆದುರು ಕೂರುವುದು ರೂಢಿಯಾದ ಮೇಲೆ, ಹಗ್ಗ ಹಿಡಿದುಕೊಂಡು ಪಕ್ಕದ ಮನೆಯವರೆದುರು ಕೂರಿಸಿ. ಅಪರಿಚಿತರ ಸರದಿ ಆಮೇಲೆ. ಊರಹಬ್ಬದ ಜನಜಂಗುಳಿ ಎಲ್ಲಕ್ಕಿಂತ ಕೊನೆಗೆ.

*

ಮೊಣಕಾಲಿನಿಂದ ಎದೆಗೆ ಗುದ್ದು, ಹಿಂಗಾಲು ತುಳಿ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಪೆಟ್ಟು ತಿಂದ ನಾಯಿ ಸುಮ್ಮನೆ ನಿಂತಿದ್ದನ್ನು ಕಂಡು ಶಾಂತವಾಯಿತು ಎಂದುಕೊಳ್ಳುತ್ತೇವೆ. ಅದು ಹೆದರಿದೆ, ಅಷ್ಟೇ. ಹೆದರಿದ ನಾಯಿ ಹಾರುವುದನ್ನು ಬಿಟ್ಟು ಕಚ್ಚುವುದನ್ನು ಕಲಿಯಬಹುದು.

*

ನಾಯಿಬಾಲ ಡೊಂಕು ಎಂಬ ಗಾದೆಯನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಡೊಂಕು ಹುಟ್ಟಿನಿಂದ ಬಂದದ್ದು. ಹಾರಾಟವನ್ನು, ಅದು ಅಂಗೈಯಗಲದ ಮರಿಯಾಗಿದ್ದಾಗ ‘ಅಯ್ಯೋ ಮುದ್ದು’ ಎಂದು ಎತ್ತಿಕೊಂಡು, ನಾವೇ ಬೆಳೆಸಿದೆವು. ಎಂಟು ವರ್ಷದ ನಾಯಿಯೂ ಬಿಡಬಲ್ಲದು. ಅದಕ್ಕೆ ನಾವು ಇನ್ನಷ್ಟು ತಾಳಬೇಕು.

*

ನಾವು ಕುಣಿದಾಡುತ್ತಾ ಒಳಗೆ ಬಂದರೆ ನಾಯಿಯೂ ಕುಣಿಯುತ್ತದೆ. ಚಪ್ಪಲಿ ಬಿಡಿ, ಕೈಕಾಲು ತೊಳೆಯಿರಿ, ನೀರು ಕುಡಿಯಿರಿ. ಆಮೇಲೆ ಮಾತಾಡಿಸಿ.

*

‘ಏನೂ ಮಾಡಲ್ಲ, ಬನ್ನಿ’ ಎಂದು ಗೇಟಿನ ಒಳಗಿನಿಂದ ಕೂಗುವವರು, ಹೊರಗೆ ನಿಂತವರ ಎದೆಬಡಿತವನ್ನು ಕೇಳಿಸಿಕೊಂಡಿಲ್ಲ. ಅವರು ಹಿಂದೆಂದೋ ಕಚ್ಚಿಸಿಕೊಂಡಿರಬಹುದು. ಹೆದರಿಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ನಾಯಿಯ ಯಜಮಾನನ ಕೆಲಸವಲ್ಲ. ಅವನ ಕೆಲಸ ನಾಯಿಯನ್ನು ಹಿಡಿದುಕೊಳ್ಳುವುದು.

*

ಪಾಠ ಮುಗಿಯುವವರೆಗೂ ಉಗುರು ತಾಗುತ್ತಿರುತ್ತದೆ. ತರಚಿದ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ತೋರಿಸಬೇಕು. ಅರಿಶಿನ, ಸುಣ್ಣ ಮೆತ್ತಿ ಸುಮ್ಮನಾಗಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್‌ನ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ. ನಿಮ್ಮ ನಾಯಿಗೆ ಈ ವರ್ಷದ ಲಸಿಕೆ ಹಾಕಿಸಿಲ್ಲವಾದರೆ ದಯವಿಟ್ಟು ಈ ವಾರವೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.